ಸಿಲ್ವರ್ ಓಕ್ ಮಹಾತ್ಮೆ

ಮಲೆನಾಡಿನ ಕಾಫಿ ಕಾಡನ್ನು ಉಳಿಸುತ್ತದೆ ಎಂಬ ಮಾತು ಸುಳ್ಳಲ್ಲ. ಅತ್ತಿ, ಹಲಸು, ನಂದಿ, ಹೊನ್ನೆಗಳ ನೆರಳಿನಲ್ಲಿ ಬೆಳೆದ ಅರೇಬಿಕಾ ತೋಟದಲ್ಲಿ ತರಗೆಲೆ ಕೊಳೆತು ಗೊಬ್ಬರವಾಗುತ್ತದೆ, ಮಳೆನೀರು ಇಂಗುತ್ತದೆ, ಬಿಸಿಲು ತಗ್ಗಿದ್ದರಿಂದ ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳುವಿನ ಹಾವಳಿಯೂ ತಗ್ಗುತ್ತದೆ. ಅತ್ತಿಹಣ್ಣು ತಿನ್ನಲು ಬಂದ ಮಂಗಟ್ಟೆ ಹಕ್ಕಿ ಬೀಜವನ್ನು ದೂರದ ಕಾಡಿಗೆ ಒಯ್ದು ಬಿತ್ತುತ್ತದೆ. ಪೇಟೆಯಲ್ಲಿ ಮಾರುವ ದುಬಾರಿ 'ಪರಿಸರಸ್ನೇಹಿ' ಪೊಟ್ಟಣದ ಮೇಲೂ ಒಮ್ಮೊಮ್ಮೆ ಇದೇ ಮಂಗಟ್ಟೆ ಕುಳಿತಿರುತ್ತದೆ. ತೋಟದಲ್ಲಿ ಅದು ಎಲ್ಲಿ ಕೂರಬೇಕು ಎಂಬ ಸಣ್ಣ ವಿಷಯವನ್ನು ಮಾತ್ರ ನಾವು ಹಳೆಯ ನೆರಳುಮರಗಳ ಜಾಗದಲ್ಲಿ ನೆಟ್ಟ ಸಿಲ್ವರ್ ಓಕ್ ಎಂಬ ಮರಮಹಾಶಯರಿಗೆ ಒಪ್ಪಿಸಿದ್ದೇವೆ.

ಆಸ್ಟ್ರೇಲಿಯಾದಿಂದ ಬಂದ ಈ ಮಹಾಶಯರ ಗುಣಗಳನ್ನು ಎಷ್ಟು ಹೊಗಳಿದರೂ ಸಾಲದು. ಕಂಬದಂತೆ ನೆಟ್ಟಗೆ ಬೆಳೆಯುತ್ತಾರೆ, ಮೆಣಸಿನ ಬಳ್ಳಿಗೆ ಮೈಕೊಡುತ್ತಾರೆ, ಮಂಗಟ್ಟೆಗೆ ಹಣ್ಣು ತಿನ್ನಿಸಿ ಕೆಡಿಸುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ, ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಅವರ ಹೆಸರಿದೆ. ಹೊನ್ನೆಗೆ ಆ ಭಾಗ್ಯವಿಲ್ಲ. ಅಜ್ಜನ ಕಾಲದಿಂದ ಉಳಿಸಿಕೊಂಡು ಬಂದ ಹೊನ್ನೆಯನ್ನು ಮಗಳ ಮದುವೆಗೆಂದು ಮಾರಹೊರಟವನು ಅರ್ಜಿ, ಪಹಣಿ, ನಕ್ಷೆಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು, ಸ್ಥಳ ಪರಿಶೀಲನೆಗೆ ಕಾದು, ಕೊನೆಗೆ ಸಾಗಣೆ ಪರವಾನಗಿ ಕೈಸೇರುವ ಹೊತ್ತಿಗೆ ಮೊಮ್ಮಗುವಿನ ನಾಮಕರಣವೂ ಮುಗಿದಿರುತ್ತದೆ.

ಇನ್ನು ಉಪಗ್ರಹದ ಸಮದರ್ಶಿತ್ವವನ್ನು ನೋಡಬೇಕು. ಡೆಹರಾಡೂನ್‌ನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹ ಚಿತ್ರದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ 10ರಷ್ಟು ಮರಗಳ ಹೊದಿಕೆ ಕಂಡರೆ, ಜಮೀನು ಯಾರದ್ದೇ ಆಗಿರಲಿ, ಮರ ಯಾವ ಜಾತಿಯದ್ದೇ ಆಗಿರಲಿ, ಅದನ್ನು ಅರಣ್ಯ ಹೊದಿಕೆಯ ಲೆಕ್ಕಕ್ಕೆ ಸೇರಿಸುತ್ತದೆ. ಆದ್ದರಿಂದ ಹೊನ್ನೆ ಹೋಗಿ ಸಿಲ್ವರ್ ಓಕ್ ಬಂದರೂ ವರದಿಯಲ್ಲಿ ಕಾಡು ಕಾಡೇ. ಬ್ರಸೆಲ್ಸ್‌ನಲ್ಲಿ ಕೂತ ಐರೋಪ್ಯ ಒಕ್ಕೂಟದ 2023ರ ನಿಯಮವಾದರೋ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಬೇಡವೆನ್ನುತ್ತದೆ, ಆದರೆ ಮರದ ನೆರಳಿನ ತೋಟವನ್ನು ಕಾಡೆಂದು ಎಣಿಸದೆ ಕೃಷಿಭೂಮಿ ಎನ್ನುತ್ತದೆ. ಅಂದರೆ ತೋಟದ ನೂರು ವರ್ಷದ ಅತ್ತಿಯನ್ನು ಕ್ರಮಬದ್ಧವಾಗಿ ಅನುಮತಿ ಪಡೆದು ಉರುಳಿಸಿದರೆ ಅದು ಅರಣ್ಯನಾಶವೇ ಅಲ್ಲ. ಒಂದೇ ತೋಟ ಡೆಹರಾಡೂನ್‌ಗೆ ಕಾಡು, ಬ್ರಸೆಲ್ಸ್‌ಗೆ ಕಾಡಲ್ಲ. ಅತ್ತಿ ಬಿದ್ದರೆ ಎರಡೂ ಕಡೆಯ ಕಡತಗಳಿಗೆ ನೋವಿಲ್ಲ. (ನೋವಾಗುವ ಹಕ್ಕಿಗೆ ಕಡತವಿಲ್ಲ.)

ಇಷ್ಟೆಲ್ಲ ನೋಡಿದ ಬೆಳೆಗಾರನೂ ದಡ್ಡನಲ್ಲ. ಹಕ್ಕಿ ಬಿತ್ತಿದ ಬೀಜ ಕಾಫಿ ಗಿಡದ ಬುಡದಲ್ಲಿ ಮೊಳೆತು ಮೊಣಕಾಲೆತ್ತರಕ್ಕೆ ಬಂದಿರುವಾಗಲೇ ಕಳೆ ತೆಗೆಯುವ ಕತ್ತಿ ಅಲ್ಲಿಗೆ ತಲುಪುತ್ತದೆ. ಒಳ್ಳೆಯ ಜಾತಿಯ ಸಸಿಯಲ್ಲವೇ ಎಂದು ಆಳು ಒಂದು ಕ್ಷಣ ಅನುಮಾನಿಸಿದರೆ ಮೇಸ್ತ್ರಿ ಕೂಗಿ ಹೇಳುತ್ತಾನೆ: "ಅದನ್ನೂ ತೆಗಿಯಮ್ಮ, ಮರ ಆದ್ರೆ ಸಾಹುಕಾರ್ರು ಆಫೀಸಿಗೆ ಅಲೀಬೇಕಾಗುತ್ತೆ."