ಎಂಟು ಪಥ, ಮೂರು ಕಾರು

ರಸ್ತೆ ಅಗಲೀಕರಣದ ಪ್ರಕಟಣೆ ನೀವೂ ಓದಿರ್ತೀರಿ. ನಾಲ್ಕು ಪಥ ಎಂಟಾಗುತ್ತದಂತೆ. ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು ಅಂತ ಕೊನೆಯ ಸಾಲಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದಾರೆ. ನಕ್ಷೆ ರೆಡಿ, ಟೆಂಡರ್ ರೆಡಿ, ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರೂ ಕೆತ್ತಿರಬಹುದು. ತಟ್ಟೆಗೆ ಬಡಿಸಿ ಆದಮೇಲೆ ಏನು ಅಡುಗೆ ಮಾಡಲಿ ಅಂತ ಕೇಳಿದ ಹಾಗೆ. ಆದರೂ ಕೇಳಿದರಲ್ಲ, ದೊಡ್ಡ ಮನಸ್ಸು.

ಜೊತೆಗಿರುವ ಕಂಪ್ಯೂಟರ್ ಚಿತ್ರಕ್ಕೆ ಮಾತ್ರ ಬಹುಮಾನ ಕೊಡಬೇಕು. ಎಂಟು ಪಥದ ಮೇಲೆ ಮೂರೇ ಮೂರು ಕಾರು, ಮೂರೂ ಈಗಷ್ಟೇ ಶೋರೂಮಿನಿಂದ ಇಳಿದಿವೆ. ಹೊಗೆ ಇಲ್ಲ, ಬಸ್ಸಂತೂ ಇಲ್ಲವೇ ಇಲ್ಲ. ಅಂಚಿನಲ್ಲಿ ಒಬ್ಬ ಹೆಂಗಸು, ಬಲೂನು ಹಿಡಿದ ಮಗುವಿನ ಜೊತೆ ನಗುತ್ತಾ ಹೊರಟಿದ್ದಾಳೆ. ಈ ತಾಯಿ-ಮಗುವನ್ನು ನಾನು ಮೇಲ್ಸೇತುವೆಯ ಚಿತ್ರದಲ್ಲೂ ನೋಡಿದ್ದೇನೆ, ಸುರಂಗದ ಚಿತ್ರದಲ್ಲೂ ನೋಡಿದ್ದೇನೆ. ಇವರಿಗೆ ಮನೆ ಮಠ ಇಲ್ವಾ? ಅವಳ ನೆರಳು ಎಡಕ್ಕೆ ಬಿದ್ದಿದೆ, ಮರದ್ದು ಬಲಕ್ಕೆ. ಅಭಿವೃದ್ಧಿ ಆದಮೇಲೆ ಸೂರ್ಯನೂ ಎರಡಾಗುತ್ತಾನೆ ಅಂತ ಕಾಣುತ್ತೆ. ಇನ್ನು ಆ ಮರಗಳು! ಎರಡನೇ ಪುಟದಲ್ಲಿ ಕಡಿಯಬೇಕಾದವು ಅಂತ ಪಟ್ಟಿ ಮಾಡಿರುವ ಮರಗಳೇ ಮೊದಲ ಪುಟದಲ್ಲಿ ತಂಪಾಗಿ ನಿಂತಿವೆ.

ಮೂರು ಕಾರಿಗೆ ಎಂಟು ಪಥ ಯಾಕೆ ಅಂತ ಕೇಳಿದರೆ, 'ಮುಂದೆ ವಾಹನ ಜಾಸ್ತಿ ಆಗ್ತವೆ' ಅಂತಾರೆ. ಆಗದೇ ಏನು ಸ್ವಾಮಿ, ಜಾಗ ಮಾಡಿ ನೀವೇ ಕರೀತಿದ್ದೀರಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇಯನ್ನು ಹೀಗೇ ಹಿಗ್ಗಿಸಿ 2008ರಲ್ಲಿ ಮುಗಿಸಿದರು. ಸರ್ವಿಸ್ ರಸ್ತೆ ಸೇರಿ ಕೆಲವು ಕಡೆ 26 ಪಥ. 2011ರಿಂದ 2014ರೊಳಗೆ ಸಂಜೆಯ ಪ್ರಯಾಣದ ಸಮಯ ಅಲ್ಲಿ ಶೇ 55ರಷ್ಟು ಏರಿತು. ರಸ್ತೆ ದೊಡ್ಡದಾದಷ್ಟೂ ವಾಹನ ಬಂದು ತುಂಬುತ್ತದೆ ಅಂತ ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ 1962ರಲ್ಲೇ ಬರೆದಿಟ್ಟಿದ್ದರು. ನಮ್ಮ ಯೋಜನಾ ವರದಿಯವರಿಗೆ ಇನ್ನೂ ಪುರುಸೊತ್ತು ಸಿಕ್ಕಿಲ್ಲ. ಅತ್ತ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 2003ರಲ್ಲಿ ಊರ ನಡುವಿನ ಎತ್ತರದ ಹೆದ್ದಾರಿಯನ್ನೇ ಕೆಡವಲು ಶುರು ಮಾಡಿ, 2005ರಲ್ಲಿ ಅದರ ಕೆಳಗೆ ಮುಚ್ಚಿಹೋಗಿದ್ದ ತೊರೆಯನ್ನು ಜನರಿಗೆ ಬಿಟ್ಟುಕೊಟ್ಟರು. ಸೋಲ್ ಏನೂ ಮುಳುಗಿ ಹೋಗಲಿಲ್ಲ.

ನಗು ಇಲ್ಲಿಗೆ ಸಾಕು. ಒಂದು ಪಥ ಮೂರೂವರೆ ಮೀಟರ್ ಅಂದರೂ ಎಂಟಕ್ಕೆ 28 ಮೀಟರ್. ಸಿಗ್ನಲ್ ಲೆಕ್ಕ ಹಾಕುವವರು ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೀತಾನೆ ಅಂತ ಇಟ್ಟುಕೊಳ್ಳುತ್ತಾರೆ. ಅಂದರೆ ದಾಟೋಕೆ 23 ಸೆಕೆಂಡು. ವಯಸ್ಸಾದವರು 0.8 ಮೀಟರ್ ನಡೆದರೆ ಹೆಚ್ಚು, ಅವರಿಗೆ 35 ಸೆಕೆಂಡು ಬೇಕು. ಆ 12 ಸೆಕೆಂಡು ನಮ್ಮ ಅಮ್ಮ ಎಲ್ಲಿ ನಿಲ್ಲಬೇಕು? ಹಸಿರು ದೀಪ ಬಿದ್ದು ಎಂಜಿನ್‌ಗಳು ಗುರ್ ಅನ್ನುವಾಗ, ಆರನೇ ಪಥದಲ್ಲಾ? ಇಡೀ ವರದಿಯಲ್ಲಿ ವಾಹನಗಳ ಲೆಕ್ಕ ಪುಟಗಟ್ಟಲೆ ಇದೆ, ನಡೆಯುವವರ ಲೆಕ್ಕ ಒಂದು ಸಾಲಿಲ್ಲ. ಎದುರುಗಡೆಯ ಔಷಧಿ ಅಂಗಡಿಗೆ ಹೋಗಿ ಬರಲು ಜೀವ ಒತ್ತೆ ಇಡಬೇಕಾದರೆ ಅದನ್ನು ಮೇಲ್ದರ್ಜೆ ಅಂತ ಯಾವ ಬಾಯಲ್ಲಿ ಕರೀತೀರಿ?

ಕಾಲುಸೇತುವೆ ಕಟ್ಟಿಕೊಡ್ತಾರಂತೆ. ಮಂಡಿ ನೋವಿನವರು ಮಾತ್ರೆ ತರೋಕೆ ಎರಡು ಮಹಡಿ ಹತ್ತಿ ಇಳಿಯಬೇಕು. ಈ ಉಪಾಯ ಕೊಟ್ಟವರು ಎರಡು ಕೈಯಲ್ಲೂ ಚೀಲ ಹಿಡಿದು, ಮಳೆಯಲ್ಲಿ, ಒಂದು ಸಲ ಹತ್ತಿ ಇಳಿದು ತೋರಿಸಲಿ. ಆಕ್ಷೇಪಣೆ ವಾಪಸ್ ತಗೊಳ್ಳೋ ವಿಚಾರ ಆಮೇಲೆ ಮಾತಾಡೋಣ.