ಫೀಸ್ ಕೇಳೋಕೆ ಫೋನ್ ಮಾಡೋರನ್ನ ಮೆಂಟರ್ ಅಂತ ಕರೀಬೇಡಿ

ಮಧ್ಯಾಹ್ನದಿಂದ ಸಿಟ್ಟು ಇಳೀತಿಲ್ಲ, ಅದಕ್ಕೆ ಬರೀತಿದೀನಿ. ನಮ್ಮಕ್ಕನ ಮಗಳು ಜಗಳೂರಿಂದ ಬಂದಿದ್ಲು. ಹಗಲೆಲ್ಲಾ ಸೊಸೈಟೀಲಿ ಲೆಕ್ಕ ಬರೆದು ರಾತ್ರಿ ಕೂತು ಆನ್‌ಲೈನ್ ಎಂಕಾಂ ಓದೋ ಹುಡುಗಿ. ಊಟ ಆದ್ಮೇಲೆ ನೋಟ್‌ಬುಕ್ ತೆಗೆದು "ಮಾಮಾ, ಇದು ಎಷ್ಟ್ ಸಲ ಮಾಡಿದ್ರೂ ಟ್ಯಾಲಿ ಆಗ್ತಿಲ್ಲ, ಒಂಚೂರು ನೋಡು" ಅಂದ್ಲು.

ಪ್ರೋಸೆಸ್ ಕಾಸ್ಟಿಂಗ್ ಲೆಕ್ಕ, ಅಂದ್ರೆ ಮಾಲು ತಯಾರಾಗೋ ಹಂತದಲ್ಲಿ ಕೆಜಿಗೆ ಎಷ್ಟು ಖರ್ಚು ಬಿತ್ತು ಅಂತ ಹಾಕೋದು. ಹಾಕಿದ ಮಾಲು 1000 ಕೆಜಿ, ನಾರ್ಮಲ್ ಲಾಸ್ (ಹೇಗೂ ಆಗೇ ಆಗೋ ನಷ್ಟ) 100, ಕೈಗೆ ಬಂದಿದ್ದು 850, ಅಂದ್ರೆ ಅದಕ್ಕಿಂತ ಜಾಸ್ತಿ ಹೋದ 50 ಕೆಜಿ ಅಬ್‌ನಾರ್ಮಲ್ ಲಾಸ್. ನಾರ್ಮಲ್ ಲಾಸಿನ ಸ್ಕ್ರ್ಯಾಪ್ ಮಾರಿದ ದುಡ್ಡನ್ನ ಖರ್ಚಿಂದ ಸರಿಯಾಗೇ ಕಳೆದಿದ್ಲು, ಆದ್ರೆ ಉಳಿದ ಖರ್ಚನ್ನ ಬರಬೇಕಿದ್ದ 900ರಿಂದ ಭಾಗಿಸೋದು ಬಿಟ್ಟು 850ರಿಂದ ಭಾಗಿಸಿದ್ಲು. ಅಷ್ಟೇ ತಪ್ಪು. ಅವಳ ಕೈಬರಹದ ಹಾಳೆ ನೋಡಿದ ಯಾವ ಕಾಮರ್ಸ್ ಮೇಷ್ಟ್ರಿಗಾದ್ರೂ ಕಣ್ಣಿಗೆ ಹೊಡೆಯುತ್ತೆ.

ಇದನ್ನೇ ಅವಳು ಕೋರ್ಸಿನ ಪೋರ್ಟಲ್‌ನಲ್ಲಿ ಫೋಟೋ ಸಮೇತ ಕೇಳಿದಾಳೆ. ತುಂಬಾ ದಿನ ಆದ್ಮೇಲೆ "ಯೂನಿಟ್ 3 ನೋಡಿ" ಅಂತ ಒಂದು ಸಾಲು, ಕೂಡ್ಲೇ ಪ್ರಶ್ನೆ ಕ್ಲೋಸ್. ಅಸೈನ್‌ಮೆಂಟ್‌ಗೆ ಮಾರ್ಕ್ಸ್ ಬಂದಿದೆ, ಎಲ್ಲಿ ತಪ್ಪಿದೆ ಅಂತ ಒಂದಕ್ಷರ ಇಲ್ಲ. ಅವಳಿಗೊಬ್ಬರು "ಮೆಂಟರ್" ಇದಾರಂತೆ, ಅವರ ಫೋನ್ ಬರೋದು ಸೆಮಿಸ್ಟರ್ ಫೀಸ್ ಕಟ್ಟೋ ಟೈಮಲ್ಲಿ. ಅವಳು ಯಾವ ಪೇಪರಲ್ಲಿ ಒದ್ದಾಡ್ತಿದಾಳೆ ಅಂತ ಆ ಯಪ್ಪಂಗೆ ಗೊತ್ತೇ ಇಲ್ಲ. "ನಂಗೆ ತಲೆ ಇಲ್ಲ ಅನ್ಸುತ್ತೆ ಮಾಮಾ, ಬಿಟ್ಬಿಡ್ಲಾ" ಅಂದ್ಲಲ್ಲ, ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು.

ಆನ್‌ಲೈನ್ ಓದೇ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಜಗಳೂರು, ಮೊಳಕಾಲ್ಮೂರು ಕಡೆ ಕೆಲಸ ಮಾಡ್ಕೊಂಡು, ಮನೆ ನೋಡ್ಕೊಂಡು ಇರೋ ಹೆಣ್ಮಕ್ಕಳು ದಿನಾ ಬಸ್ ಹತ್ತಿ ದಾವಣಗೆರೆಗೆ ಬಂದು ಪಿಜಿ ಮಾಡೋಕಾಗಲ್ಲ, ಅವರಿಗೆ ಇದು ದೊಡ್ಡ ದಾರಿ. ಸರ್ಕಾರದ ಆನ್‌ಲೈನ್ ಪಾಠದ ತಾಣಗಳಾದ ಎನ್‌ಪಿಟಿಇಎಲ್, ಸ್ವಯಂನಲ್ಲಿ ಎಂತೆಂಥಾ ಪಾಠಗಳಿವೆ! ಆದ್ರೆ ವಿಡಿಯೋ ಹಾಕಿದ ತಕ್ಷಣ ಕಲಿಸಿದಂಗಾಗಲ್ಲ. ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ತಾಣದಲ್ಲಿದ್ದ ಹಾರ್ವರ್ಡ್, ಎಂಐಟಿ ಕೋರ್ಸ್‌ಗಳಿಗೆ 2017-18ರಲ್ಲಿ ಸೇರಿದವರಲ್ಲಿ ಪೂರ್ತಿ ಮುಗಿಸಿದವರು ನೂರಕ್ಕೆ ಬರೀ ಮೂರು ಜನ ಚಿಲ್ಲರೆ. ಪಾಠ ಚೆನ್ನಾಗಿರಲಿಲ್ವಾ? ಇತ್ತು. ಸುಮ್ನೆ ನೋಡೋಣ ಅಂತ ಸೇರಿದವರೂ ಅದರಲ್ಲಿದ್ರು, ಒಪ್ತೀನಿ. ಆದ್ರೆ ಸಿಕ್ಕಿ ಹಾಕ್ಕೊಂಡಾಗ ಕೇಳೋಕೆ ಒಬ್ಬರಿಲ್ದೇ ಕೈಬಿಟ್ಟವರೂ ಇದ್ದೇ ಇರ್ತಾರೆ.

ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲೇ ಬರೆದಿದ್ರು, ಒಬ್ಬರಿಗೊಬ್ಬರು ಕೂತು ಹೇಳಿಸ್ಕೊಂಡ ಸಾಧಾರಣ ವಿದ್ಯಾರ್ಥಿ ಮಾಮೂಲಿ ಕ್ಲಾಸಿನ 98% ಮಕ್ಕಳಿಗಿಂತ ಮೇಲೆ ಬಂದ ಅಂತ. ಅದು ಶಾಲೆ ಮಕ್ಕಳ ಮೇಲೆ ಮಾಡಿದ್ದು, ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ, ಆದ್ರೂ ಪ್ರಯೋಜನ ಇರೋದಂತೂ ಗಟ್ಟಿ.

"ಸಾವಿರಾರು ಜನಕ್ಕೆ ಒಬ್ಬೊಬ್ಬ ಮೇಷ್ಟ್ರನ್ನ ಎಲ್ಲಿಂದ ತರೋದು ಸಾರ್, ಫೀಸ್ ಜಾಸ್ತಿ ಆಗುತ್ತೆ" ಅಂತ ನಮ್ ಸ್ಟಾಫ್‌ರೂಮಲ್ಲೇ ವಾದ ಮಾಡೋರಿದಾರೆ. ಬ್ರಿಟನ್ನಿನ ದೂರಶಿಕ್ಷಣದ ಓಪನ್ ಯೂನಿವರ್ಸಿಟಿ 1971ರಿಂದ ಪಾಠ ಮಾಡ್ತಿದೆ, ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಅಂಚೇಲಿ ಬಂದ ಅಸೈನ್‌ಮೆಂಟ್ ಮೇಲೆ ಟ್ಯೂಟರ್ ಕೈಯಾರೆ ಬರೆದು ವಾಪಸ್ ಕಳಿಸ್ತಿದ್ರು. ನಮ್ಮ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) 1985ರಲ್ಲಿ ಶುರುವಾಗಿದ್ದು, ಸ್ಟಡಿ ಸೆಂಟರ್, ಅಲ್ಲಿ ಪಾಠ ಹೇಳೋ ಕೌನ್ಸಿಲರ್ ಅನ್ನೋ ವ್ಯವಸ್ಥೆ ಇಟ್ಕೊಂಡೇ ಬೆಳೀತು. ಅವರಿಗೆಲ್ಲಾ ಆಗಿದ್ದು, ವಾಟ್ಸಾಪ್, ವಿಡಿಯೋ ಕಾಲ್ ಇರೋ ಆನ್‌ಲೈನ್ ಡಿಗ್ರಿಯವರೇ, ನಿಮಗೆ ಯಾಕಾಗಲ್ಲ? ಒಬ್ಬರಿಗೆ ಒಬ್ಬರೇ ಬೇಕು ಅಂತ ಯಾರೂ ಕೇಳ್ತಿಲ್ಲ. ಇಪ್ಪತ್ತು ಜನಕ್ಕೆ ಒಬ್ಬರು, ವಿಷಯ ಗೊತ್ತಿರೋರು, ಹಾಳೆ ನೋಡಿ ಇಲ್ಲಿ ತಪ್ಪಿದೆ ಅಂತ ಹೇಳೋರು. ದಾವಣಗೆರೆಯಲ್ಲೇ ಪಿಜಿ, ಲೆಕ್ಚರರ್ ಆಗೋಕೆ ಬರೆಯೋ ನೆಟ್ ಪರೀಕ್ಷೆ ಮುಗಿಸಿ ಗೆಸ್ಟ್ ಲೆಕ್ಚರರ್ ಕೆಲಸಕ್ಕೆ ಅಲೀತಿರೋ ಹುಡುಗರಿಗೆ ಈ ಕೆಲಸ ಕೊಟ್ರೆ ಕಣ್ಣಿಗೆ ಒತ್ಕೊಂಡು ಮಾಡ್ತಾರೆ! ಜಾಹೀರಾತಿಗೆ ಸುರಿಯೋ ದುಡ್ಡಲ್ಲಿ ಒಂದು ಪಾಲು ಸಾಕು.

ಚಾಟ್‌ಬಾಟ್ ಇದೆಯಲ್ಲ ಅಂತೀರಾ, ಇರ್ಲಿ, ಸೂತ್ರ ಹೇಳಲಿ. "ಬಿಟ್ಬಿಡ್ಲಾ" ಅಂದವಳಿಗೆ ಹೋದ ಸೆಮಿಸ್ಟರ್‌ನಲ್ಲಿ ನೀನು ಇದಕ್ಕಿಂತ ಕಷ್ಟದ ಪೇಪರ್ ಪಾಸ್ ಮಾಡಿದೀಯ ಕಣೇ ಅಂತ ನೆನಪಿಟ್ಟು ಹೇಳೋಕೆ ಅವಳನ್ನ ಬಲ್ಲ ಮನುಷ್ಯರೇ ಬೇಕು.

ಮಕ್ಕಳನ್ನ ಆನ್‌ಲೈನ್ ಡಿಗ್ರಿಗೆ ಸೇರಿಸೋರು ಫೀಸ್ ಕಟ್ಟೋಕೆ ಮುಂಚೆ ಕೇಳಿ, ಅಸೈನ್‌ಮೆಂಟ್ ತಿದ್ದೋರು ಯಾರು, ಅವರ ಹತ್ರ ಮಾತಾಡೋಕೆ ವಾರಕ್ಕೆಷ್ಟು ಹೊತ್ತು ಸಿಗುತ್ತೆ, ಅವರೇನು ಓದಿದಾರೆ. ಉತ್ತರ ಬರ್ಲಿಲ್ಲ ಅಂದ್ರೆ ದುಡ್ಡು ಕಟ್ಟಬೇಡಿ. ಈಗಾಗ್ಲೇ ಸೇರಿ ಕಾಸ್ಟ್ ಅಕೌಂಟಿಂಗಲ್ಲಿ ಒದ್ದಾಡ್ತಿರೋರು ನಮ್ಮೂರಲ್ಲೋ ದುರ್ಗದಲ್ಲೋ ಇದ್ರೆ ಇನ್‌ಬಾಕ್ಸ್ ಮಾಡಿ, ಭಾನುವಾರ ಸಂಜೆ ನಾನು ಮನೇಲೇ ಇರ್ತೀನಿ, ನೋಟ್‌ಬುಕ್ ತಗೊಂಡೇ ಬನ್ನಿ.