ಔಷಧದ ಪ್ರಮಾಣ: ಅಂತರ್ಜಾಲವನ್ನು ನೆಚ್ಚಬಹುದೇ?

ಪರ: ಓದದಿರುವುದೇ ಹೆಚ್ಚು ಅಪಾಯ

ಔಷಧದ ಪೊಟ್ಟಣದೊಳಗಿನ ಮಾಹಿತಿ ಚೀಟಿ ಎಷ್ಟೋ ಮನೆಗಳಲ್ಲಿ ಮೊದಲ ದಿನವೇ ಕಸದ ಬುಟ್ಟಿ ಸೇರುತ್ತದೆ. ಒಂದು ಹೊತ್ತಿನ ಮಾತ್ರೆ ಮರೆತರೆ ಏನು ಮಾಡಬೇಕು, ಯಾವುದರ ಜೊತೆ ನುಂಗಬಾರದು ಎಂಬುದೆಲ್ಲ ಇರುವುದು ಅದರಲ್ಲೇ. ಅದೇ ಚೀಟಿ ಅಂತರ್ಜಾಲದಲ್ಲೂ ಸಿಗುತ್ತದೆ. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ, ಅದು ಗೊತ್ತಿಲ್ಲದ ಇನ್ನೊಬ್ಬ ವೈದ್ಯರು ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದರೆನ್ನಿ. ಎರಡೂ ಸೇರಿದರೆ ರಕ್ತದಲ್ಲಿ ಸಿಮ್ವಾಸ್ಟಾಟಿನ್ ಮಟ್ಟ ಏರಿ ಸ್ನಾಯುಗಳಿಗೆ ಹಾನಿಯಾಗಬಹುದು. ಎರಡೂ ಹೆಸರು ಹಾಕಿ ಹುಡುಕಿದರೆ ಈ ಎಚ್ಚರಿಕೆ ಕಣ್ಣಿಗೆ ಬೀಳುತ್ತದೆ. ನುಂಗುವ ಮುಂಚೆ ವೈದ್ಯರನ್ನು ಕೇಳಲು ಅಷ್ಟು ಸಾಕು.

ಹುಡುಕುವ ಬಗೆ ಗೊತ್ತಿರಬೇಕು, ನಿಜ. ಬ್ರ್ಯಾಂಡ್ ಹೆಸರು ಬಿಟ್ಟು ಮೂಲ ಔಷಧದ ಹೆಸರು ಹಾಕಿ; ಒಂದೇ ಬ್ರ್ಯಾಂಡ್ ಹೆಸರಿನಲ್ಲಿ ಬೇರೆ ದೇಶದಲ್ಲಿ ಬೇರೆಯೇ ಔಷಧ ಇರುವುದುಂಟು. ಔಷಧ ನಿಯಂತ್ರಣ ಸಂಸ್ಥೆಯ ಅಥವಾ ತಯಾರಕರ ಪುಟವನ್ನೇ ತೆರೆದು, ಪರಿಷ್ಕರಣೆಯ ದಿನಾಂಕ ನೋಡಿ. ಪ್ಯಾರಸಿಟಮಾಲ್, ಅಸೆಟಮಿನೊಫೆನ್ ಎರಡೂ ಒಂದೇ, ಹಲವು ನೆಗಡಿ ಮಾತ್ರೆಗಳಲ್ಲೂ ಅದಿದೆ ಎಂಬುದು ಹೀಗೆ ನೋಡಿದವರಿಗೆ ತಿಳಿಯುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಒಂದೇ ಔಷಧವನ್ನು ಎರಡು ಪಾಲು ನುಂಗುವುದು ತಪ್ಪುತ್ತದೆ.

ವಿರೋಧ: ಅಂಕಿ ಸರಿ, ಬಾಟಲಿ ಬೇರೆ

ಮಗುವಿನ ಜ್ವರದ ಔಷಧವನ್ನೇ ತೆಗೆದುಕೊಳ್ಳಿ. ಪ್ಯಾರಸಿಟಮಾಲ್ ಒಂದು ಸಲಕ್ಕೆ ದೇಹತೂಕದ ಪ್ರತಿ ಕಿಲೋಗೆ ಹೆಚ್ಚೆಂದರೆ 15 ಮಿಲಿಗ್ರಾಂ. 10 ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ. 5 ಮಿಲೀಗೆ 120 ಮಿಲಿಗ್ರಾಂ ಇರುವ ಸಿರಪ್ಪಾದರೆ ಅದು ಸುಮಾರು 6 ಮಿಲೀ. 5 ಮಿಲೀಗೆ 250 ಇದ್ದರೆ 3 ಮಿಲೀ. ಮಿಲೀಗೆ 100 ಇರುವ ಡ್ರಾಪ್ಸ್ ಆದರೆ 1.5 ಮಿಲೀ ಮಾತ್ರ. ‘6 ಮಿಲೀ ಕೊಡಿ’ ಎಂಬ ಸಾಲನ್ನಷ್ಟೇ ಓದಿ ಡ್ರಾಪ್ಸ್ ಬಾಟಲಿಯಿಂದ ಅಳೆದರೆ 600 ಮಿಲಿಗ್ರಾಂ, ಅಂದರೆ ನಾಲ್ಕು ಪಟ್ಟು! ಬರೆದವರು ತಪ್ಪು ಬರೆದಿಲ್ಲ, ಓದಿದವರು ಅಕ್ಷರ ಮೀರಿಲ್ಲ. ಯಾವ ಬಾಟಲಿ ಎಂದು ಕೇಳುವವರು ನಡುವೆ ಇರಲಿಲ್ಲ, ಅಷ್ಟೇ. ಯಕೃತ್ತಿನ ತೊಂದರೆ ಇದೆಯೇ, ಬೆಳಿಗ್ಗೆ ಬೇರೇನಾದರೂ ಕೊಟ್ಟಿದ್ದಿರಾ ಎಂದು ವೈದ್ಯರೋ ಫಾರ್ಮಸಿಸ್ಟೋ ವಿಚಾರಿಸುತ್ತಾರೆ, ಪುಟ ವಿಚಾರಿಸುವುದಿಲ್ಲ.

ಹೆಚ್ಚು ಕೊಟ್ಟಾದ ಮೇಲೆ ಲಕ್ಷಣಗಳನ್ನು ಹುಡುಕುತ್ತ ಕೂರುವುದು ಇನ್ನೂ ಕೆಟ್ಟದ್ದು. ಪ್ಯಾರಸಿಟಮಾಲ್ ಅತಿಯಾದಾಗ ಮೊದಲ 24 ಗಂಟೆ ಓಕರಿಕೆ, ವಾಂತಿ ಬಿಟ್ಟರೆ ಏನೂ ಕಾಣದಿರಬಹುದು. ಯಕೃತ್ತಿನ ಹಾನಿ ಆಮೇಲೆ ಹೊರಬೀಳುತ್ತದೆ. ಅದಕ್ಕೆ ಪ್ರತ್ಯೌಷಧ ಅಸಿಟೈಲ್‌ಸಿಸ್ಟೀನ್. ಅತಿಯಾದ ಪ್ರಮಾಣ ಹೊಟ್ಟೆ ಸೇರಿದ 8 ಗಂಟೆಯೊಳಗೆ ಶುರು ಮಾಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಗು ಆಡಿಕೊಂಡೇ ಇದೆಯಲ್ಲ ಎಂದು ಪುಟದಿಂದ ಪುಟಕ್ಕೆ ಹೋಗುವಾಗ ಕಳೆಯುವುದು ಆ ಗಂಟೆಗಳೇ. ಎಷ್ಟು ಮಿಲೀ, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು, ಬಾಟಲಿ ಸಮೇತ ಆಸ್ಪತ್ರೆಗೆ ಹೊರಡಿ.